ಉಣ್ಣೆ, ಗೇರು, ಗ್ಯಾರಂಟಿ: ‘ಪರಾವಲಂಬಿ’ ಎಂದು ಬೈಯುವ ಮೊದಲು

ಕಳೆದ ಮಳೆಗಾಲದಲ್ಲಿ ಕನ್ಯಾನದ ನಮ್ಮ ತೋಟಕ್ಕೆ ಮದ್ದು ಬಿಡಲು ಜನ ಸಿಗಲಿಲ್ಲ. ಮೊದಲ ಸಲದ ಮದ್ದು ಮಳೆ ಹಿಡಿಯುವ ಮೊದಲೇ ಹೇಗೋ ಆಗಿತ್ತು. ಎರಡನೆಯದು ನಲವತ್ತು-ನಲವತ್ತೈದು ದಿನಕ್ಕೆ ಆಗಬೇಕು. ಮಳೆ ಬಿಡಲಿಲ್ಲ, ಬಿಟ್ಟ ಎರಡು ದಿನ ಮರ ಹತ್ತುವವರು ಬೇರೆಯವರ ತೋಟದಲ್ಲಿದ್ದರು. ಅಷ್ಟರಲ್ಲಿ ಬುಡದಲ್ಲಿ ಹಸಿ ಅಡಿಕೆ ಉದುರತೊಡಗಿತು. ಕಾಯಿಯ ಮೇಲೆ ನೀರು ಹಿಡಿದಂಥ ಕಡು ಕಲೆ, ಅದರ ಮೇಲೆ ಬಿಳಿ ಬೂಷ್ಟು. ಕೊಳೆರೋಗ.

ಜಗಲಿಯಲ್ಲಿ ಕೂತಿದ್ದ ಚಿಕ್ಕಪ್ಪ ಪೇಪರ್ ಮಡಚಿಟ್ಟು ಹೇಳಿದರು: “ಜನ ಎಲ್ಲಿಂದ ಬರುದು? ಹೆಂಡತಿಗೆ ಎರಡು ಸಾವಿರ, ಬಸ್ಸು ಫ್ರೀ, ಅಕ್ಕಿ ಫ್ರೀ. ಎಲ್ಲ ಪರಾವಲಂಬಿಗಳಾಗಿ ಬಿಟ್ಟಿದ್ದಾರೆ ಮಾರಾಯ್ತಿ.”

ನಾನು ಆಗಷ್ಟೇ ವಿಟ್ಲದಿಂದ ಬಂದಿದ್ದೆ. ನಮ್ಮ ಕಡೆ ಖಾಸಗಿ ಬಸ್ಸುಗಳದ್ದೇ ಕಾರುಬಾರು, ‘ಶಕ್ತಿ’ ಯೋಜನೆಯ ಶೂನ್ಯ ಟಿಕೆಟ್ ಸಿಗುವುದು ಸರ್ಕಾರಿ ಬಸ್ಸು ಸಿಕ್ಕಿದ ದಿನ ಮಾತ್ರ. ಅವತ್ತು ಸಿಕ್ಕಿತ್ತು. ಪರಾವಲಂಬಿಗಳ ಪಟ್ಟಿಯಲ್ಲಿ ನಾನೂ ಇದ್ದೇನಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆದರೆ ಒಂದು ವಿಷಯ ತಲೆಯಲ್ಲಿ ಉಳಿಯಿತು. ಚಿಕ್ಕಪ್ಪ ಆ ಪದ ಬಳಸಿದ ಹೊತ್ತಿಗೆ ನಿಜವಾದ ಪರಾವಲಂಬಿಯೊಂದು ನಮ್ಮ ತಲೆಯ ಮೇಲೆ, ಐವತ್ತು ಅಡಿ ಎತ್ತರದ ಗೊನೆಯಲ್ಲಿ ಕೂತು ಕೆಲಸ ಮಾಡುತ್ತಿತ್ತು. ಅದನ್ನು ತಡೆಯಲು ಬೇಕಾಗಿದ್ದದ್ದು ಅವರು ಬೈಯುತ್ತಿದ್ದ ಅದೇ ಮನುಷ್ಯ.

ಈ ಬೈಗುಳ ಚಿಕ್ಕಪ್ಪನ ಸ್ವಂತದ್ದೇನಲ್ಲ, ಮೇಲಿನಿಂದ ಇಳಿದು ಬಂದದ್ದು. 2021ರ ಫೆಬ್ರವರಿಯಲ್ಲಿ, ದೆಹಲಿಯ ಗಡಿಯಲ್ಲಿ ರೈತರು ಕೂತಿದ್ದಾಗ, ಪ್ರಧಾನಿ ನರೇಂದ್ರ ಮೋದಿ ರಾಜ್ಯಸಭೆಯಲ್ಲಿ ‘ಆಂದೋಲನಜೀವಿ’ ಎಂಬ ಹೊಸ ಪದ ಟಂಕಿಸಿದರು. ಅಂಥವರು ‘ಪರಜೀವಿ’ಗಳು ಅಂತಲೂ ಸೇರಿಸಿದರು. 2024ರ ಚುನಾವಣೆ ಮುಗಿದ ಮೇಲೆ ಲೋಕಸಭೆಯಲ್ಲಿ ಅದೇ ಪದ ಕಾಂಗ್ರೆಸ್ಸಿಗೆ ಅಂಟಿತು. ಮಿತ್ರಪಕ್ಷಗಳ ಮತ ತಿಂದು ಬದುಕುವ ಪಕ್ಷ ಅಂತ. 2025ರ ಫೆಬ್ರವರಿ 12ರಂದು ಸುಪ್ರೀಂ ಕೋರ್ಟಿನಲ್ಲಿ, ಆಗ ನ್ಯಾಯಮೂರ್ತಿಯಾಗಿದ್ದು ಮುಂದೆ ಮುಖ್ಯ ನ್ಯಾಯಮೂರ್ತಿಯಾದ ಬಿ.ಆರ್. ಗವಾಯಿ ಅವರು, ಚುನಾವಣೆಗೆ ಮುಂಚೆ ಘೋಷಿಸುವ ಉಚಿತ ಯೋಜನೆಗಳ ಬಗ್ಗೆ ಮಾತಾಡುತ್ತ, ಇದರಿಂದ ನಾವು ಪರಾವಲಂಬಿಗಳ ಒಂದು ವರ್ಗವನ್ನೇ ಸೃಷ್ಟಿಸುತ್ತಿಲ್ಲವೇ ಎಂಬ ಅರ್ಥದಲ್ಲಿ ಕೇಳಿದರು. ಮಹಾರಾಷ್ಟ್ರದಲ್ಲಿ ಕೃಷಿಕರಿಗೆ ಕೂಲಿಯಾಳು ಸಿಗುತ್ತಿಲ್ಲ, ತಾನೂ ಕೃಷಿ ಕುಟುಂಬದವನೇ ಎಂದರು. ನಮ್ಮ ಜಗಲಿಯ ಮಾತೇ, ದೆಹಲಿಯಲ್ಲಿ. ಆ ದಿನ ಕೋರ್ಟಿನ ಮುಂದಿದ್ದ ಪ್ರಕರಣ ಯಾವುದು ಗೊತ್ತಾ? ನಗರಗಳಲ್ಲಿ ಸೂರಿಲ್ಲದೆ ಬೀದಿಯಲ್ಲಿ ಮಲಗುವವರಿಗೆ ಆಶ್ರಯ ಕೊಡುವುದು.

ಇನ್ನೊಂದು ಕಡೆಯವರೂ ಈ ವಿಷಯದಲ್ಲಿ ಸಾಚಾ ಅಲ್ಲ. ಸೋವಿಯತ್ ಒಕ್ಕೂಟದಲ್ಲಿ ‘ಸಾಮಾಜಿಕ ಪರಾವಲಂಬಿತನ’ ಶಿಕ್ಷಾರ್ಹ ಅಪರಾಧವೇ ಆಗಿತ್ತು. 1964ರಲ್ಲಿ ಕವಿ ಜೋಸೆಫ್ ಬ್ರಾಡ್‌ಸ್ಕಿಯನ್ನು ಅದೇ ಆರೋಪದ ಮೇಲೆ ಗಡೀಪಾರು ಮಾಡಿದರು. ಯೆಹೂದಿಗಳನ್ನು ಪರಾವಲಂಬಿಗಳು ಎಂದು ಕರೆದ ನಾಜಿಗಳು ಎಲ್ಲಿಗೆ ಹೋಗಿ ಮುಟ್ಟಿದರು ಎಂದು ಹೇಳಬೇಕಾಗಿಲ್ಲ. ಮನುಷ್ಯನನ್ನು ಉಣ್ಣೆ, ಜಿಗಣೆ, ಗೆದ್ದಲು ಎಂದು ಕರೆದ ಮೇಲೆ ಮುಂದಿನ ಕೆಲಸ ಸುಲಭವಾಗುತ್ತದೆ.

ಪದದ ಚರಿತ್ರೆ ಕೂಡ ತಮಾಷೆಯದು. ಇಂಗ್ಲಿಷಿನ ‘ಪ್ಯಾರಸೈಟ್’ ಬಂದದ್ದು ಗ್ರೀಕ್‌ನಿಂದ: ಇನ್ನೊಬ್ಬರ ಪಕ್ಕ ಕೂತು ಉಣ್ಣುವವನು. ಮೊದಮೊದಲು ಅದು ದೇವಸ್ಥಾನದ ಊಟದಲ್ಲಿ ಪಾಲಿದ್ದವರ ಗೌರವದ ಹೆಸರು. ಆಮೇಲೆ ನಾಟಕಗಳಲ್ಲಿ ಸಾಹುಕಾರನನ್ನು ಹೊಗಳಿ ಹೊಟ್ಟೆ ಹೊರೆಯುವ ಬಡವನಾದ. ಹುಳಕ್ಕೆ, ಬಳ್ಳಿಗೆ ಆ ಹೆಸರು ಬಂದದ್ದು ಎಷ್ಟೋ ಶತಮಾನ ಕಳೆದ ಮೇಲೆ. ಅಂದರೆ ಜೀವಶಾಸ್ತ್ರದಿಂದ ರಾಜಕೀಯ ಈ ಬೈಗುಳವನ್ನು ಎರವಲು ಪಡೆದದ್ದಲ್ಲ, ಉಲ್ಟಾ.

ಹಾಗಾದರೆ ಜೀವಶಾಸ್ತ್ರ ಇದನ್ನು ತೆಗೆದುಕೊಂಡು ಏನು ಮಾಡಿತು? ಅಲ್ಲಿ ಪರಾವಲಂಬಿ ಎಂದರೆ ಸೋಮಾರಿ ಅಂತ ಅರ್ಥವಿಲ್ಲ. ಒಂದು ಜೀವಿ ಇನ್ನೊಂದರ ಮೇಲೆ ಅಥವಾ ಒಳಗೆ ಬದುಕುತ್ತದೆ, ಅದಕ್ಕೆ ಲಾಭ, ಆಸರೆ ಕೊಟ್ಟದ್ದಕ್ಕೆ ನಷ್ಟ. ಕೇಳಬೇಕಾದ ಪ್ರಶ್ನೆ ಇಷ್ಟೇ: ಲಾಭ ಯಾರಿಗೆ, ಖರ್ಚು ಯಾರ ಮೈಗೆ? ಈ ಎರಡು ಪ್ರಶ್ನೆ ಹಿಡಿದುಕೊಂಡು ನಮ್ಮ ಜಿಲ್ಲೆಯನ್ನೊಮ್ಮೆ ನೋಡಿ ಬರುವ ಅನ್ನಿಸಿ ಈ ಲೇಖನ.

ಅಜ್ಜಿ ಇದ್ದಾಗ ನಮ್ಮ ಹಟ್ಟಿಯಲ್ಲಿ ನಾಲ್ಕು ದನ ಇದ್ದವು. ಸಂಜೆ ಮೇದು ಬಂದ ದನದ ಕಿವಿ, ಕೆಚ್ಚಲು, ಬಾಲದ ಬುಡ ನೋಡಿ ಉಣ್ಣೆ ಹೆಕ್ಕುವುದು ನನ್ನ ಕೆಲಸ. ಗೆರಟೆಯಲ್ಲಿ ಸ್ವಲ್ಪ ಸೀಮೆಎಣ್ಣೆ, ಅದಕ್ಕೆ ಒಂದೊಂದೇ ಹಾಕುವುದು. ರಕ್ತ ಕುಡಿದು ಹುಣಸೆಬೀಜದ ಹಾಗೆ ಊದಿದ್ದನ್ನು ಎಳೆದರೆ ಬರುತ್ತಿರಲಿಲ್ಲ. ತಿರುಚಿ ತೆಗೆಯಬೇಕು, ಇಲ್ಲದಿದ್ದರೆ ಬಾಯಿ ಚರ್ಮದಲ್ಲೇ ಉಳಿಯುತ್ತದೆ ಎಂದು ಅಜ್ಜಿ ಗದರುತ್ತಿದ್ದರು. ಆಗ ಗೊತ್ತಿರಲಿಲ್ಲ, ಈಗ ಓದಿ ಗೊತ್ತಾದದ್ದು: ಉಣ್ಣೆ ಕಚ್ಚಿದ್ದು ದನಕ್ಕೂ ಮನುಷ್ಯರಿಗೂ ತಿಳಿಯುವುದೇ ಇಲ್ಲ. ಅದರ ಜೊಲ್ಲಿನಲ್ಲಿ ನೋವು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ದೇಹದ ರಕ್ಷಣಾ ವ್ಯವಸ್ಥೆಯನ್ನು ತೂಕಡಿಸುವಂತೆ ಮಾಡುವ ವಸ್ತುಗಳಿವೆ. ಬಾಯಿಯನ್ನು ಚರ್ಮಕ್ಕೆ ಅಂಟಿಸುವ ಸಿಮೆಂಟಿನಂಥದ್ದೂ ಇದೆ. ದಿನಗಟ್ಟಲೆ ಕೂತು ಕುಡಿಯಬೇಕಲ್ಲ, ಆಸರೆದಾರ ಎಚ್ಚರವಾಗಬಾರದು. ಯಾವ ಪರಾವಲಂಬಿಯ ಬದುಕು ನೋಡಿದರೂ ಇಂಥ ನಯವಾದ ಏರ್ಪಾಡು ಕಾಣುತ್ತದೆ. ಮಲೇರಿಯಾದ ಪರಾವಲಂಬಿ ರಕ್ತದಲ್ಲಿ ಸೊಳ್ಳೆಗೆ ದಾಟಲು ಸಿದ್ಧವಾದ ಹಂತದಲ್ಲಿದ್ದಾಗ ಆ ಮನುಷ್ಯನ ಕಡೆ ಸೊಳ್ಳೆಗಳು ಹೆಚ್ಚು ಸೆಳೆಯಲ್ಪಡುತ್ತವೆ ಎಂದು ಪ್ರಯೋಗಗಳಲ್ಲಿ ಕಂಡಿದೆ.

ನಮ್ಮ ಹಟ್ಟಿಯ ಉಣ್ಣೆಯಿಂದ ನಮಗೇನೂ ಆಗಲಿಲ್ಲ. ಆದರೆ ಇದೇ ಜಿಲ್ಲೆಯ ಇನ್ನೊಂದು ಮೂಲೆಯಲ್ಲಿ, ಘಟ್ಟದ ಬುಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ನಾನು ಹುಟ್ಟುವುದಕ್ಕೆ ಎಷ್ಟೋ ಮೊದಲು ಕಾಡಿನ ಉಣ್ಣೆ ಊರಿಗೆ ಸಾವು ತಂದಿತ್ತು.

ನಿಡ್ಲೆ, 1982

ಮಂಗನ ಕಾಯಿಲೆ ಎಂದರೆ ಎಲ್ಲರಿಗೂ ಶಿವಮೊಗ್ಗ ನೆನಪಾಗುತ್ತದೆ, ಸರಿಯೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು ಬೀಳತೊಡಗಿದವು, ಜನರಿಗೆ ಜ್ವರ ಬಂತು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸೊಂದನ್ನು ಗುರುತಿಸಿದರು. ಕಾಯಿಲೆಗೆ ಆ ಕಾಡಿನ ಹೆಸರೇ ಬಿತ್ತು: ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ. ಆಮೇಲೆ ಇಪ್ಪತ್ತೈದು ವರ್ಷ ಅದು ಹೆಚ್ಚಾಗಿ ಆ ಸೀಮೆಯ ಕಾಯಿಲೆಯಾಗಿಯೇ ಉಳಿಯಿತು. 1982ರ ಕೊನೆಗೆ ದಕ್ಷಿಣ ಕನ್ನಡದಲ್ಲಿ, ಬೆಳ್ತಂಗಡಿಯ ನಿಡ್ಲೆ–ಪಟ್ರಮೆ ಭಾಗದಲ್ಲಿ ಅದು ಎದ್ದಿತು. ಕೆಎಫ್‌ಡಿಯ ಇತಿಹಾಸದಲ್ಲೇ ಅತಿ ದೊಡ್ಡ ಸ್ಫೋಟಗಳಲ್ಲಿ ಅದೊಂದು. 1983ರ ಋತುವಿನಲ್ಲಿ ಸಾವಿರದೈನೂರಕ್ಕೂ ಹೆಚ್ಚು ಜನರಿಗೆ ಸೋಂಕು, ಸುಮಾರು 150 ಸಾವು ಎಂಬುದು ವೈಜ್ಞಾನಿಕ ಲೇಖನಗಳಲ್ಲಿ ಮತ್ತೆಮತ್ತೆ ಬರುವ ಲೆಕ್ಕ.

ಅದಕ್ಕೆ ಸ್ವಲ್ಪ ಮುಂಚೆ ಅಲ್ಲಿ ಏನಾಗಿತ್ತು? ಸುಮಾರು 400 ಹೆಕ್ಟೇರ್ ದಟ್ಟ ಕಾಡನ್ನು ಬೋಳು ಮಾಡಿದ್ದರು. ಗೇರು ನೆಡುವುದಕ್ಕೆ.

ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ವೈರಸ್ಸೂ ಪರಾವಲಂಬಿಯೇ, ಇನ್ನೊಂದು ಜೀವದ ಕಣದ ಒಳಗಲ್ಲದೆ ಅದು ಹೆಚ್ಚುವುದಿಲ್ಲ. ಅದು ಉಣ್ಣೆಯೊಳಗಿರುತ್ತದೆ, ಉಣ್ಣೆಗೆ ಅದರಿಂದ ಅಂಥ ತೊಂದರೆಯಿಲ್ಲ. ಉಣ್ಣೆ ತನ್ನ ಬದುಕಿನಲ್ಲಿ ಮೂರು ಸಲ ಊಟ ಮಾಡುತ್ತದೆ, ಮೂರು ಬೇರೆ ಬೇರೆ ಪ್ರಾಣಿಗಳ ಮೈಮೇಲೆ. ಮರಿಯಾಗಿದ್ದಾಗ ಇಲಿ, ಸುಂಡಿಲಿ, ನೆಲದ ಹಕ್ಕಿಗಳಂಥ ಸಣ್ಣ ಜೀವಿಗಳು. ನಡುಪ್ರಾಯದಲ್ಲಿ ಸಿಕ್ಕಿದವರು: ಮಂಗ, ಮನುಷ್ಯ. ದೊಡ್ಡದಾದ ಮೇಲೆ ದೊಡ್ಡ ಪ್ರಾಣಿ, ಮುಖ್ಯವಾಗಿ ದನ. ಒಂದೇ ವೈರಸ್, ಒಂದೊಂದು ಮೈಯಲ್ಲಿ ಒಂದೊಂದು ಪರಿಣಾಮ. ಇಲಿಗೆ ಹೆಚ್ಚೇನೂ ಆಗುವುದಿಲ್ಲ. ದನದ ಮೈಯಲ್ಲಿ ವೈರಸ್ ಬೆಳೆದು ಮುಂದೆ ಹೋಗುವುದಿಲ್ಲ, ಆದರೆ ದನದ ರಕ್ತ ಕುಡಿದ ಉಣ್ಣೆ ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಮಂಗ ಮತ್ತು ಮುಸುವ ಸಾಯುತ್ತವೆ. ಸತ್ತ ಮಂಗದ ಮೈ ತಣ್ಣಗಾಗುತ್ತಲೇ ಅದರ ಮೇಲಿದ್ದ ಉಣ್ಣೆಗಳು ಕೆಳಗಿಳಿದು ಆ ಜಾಗವೇ ಸೋಂಕಿನ ಕೊಪ್ಪರಿಗೆಯಾಗುತ್ತದೆ. ಮನುಷ್ಯನಿಗೆ ಜ್ವರ, ವಿಪರೀತ ಮೈಕೈನೋವು, ಕೆಲವರಿಗೆ ರಕ್ತಸ್ರಾವ. ನೂರರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ.

ಮನುಷ್ಯನಿಂದ ವೈರಸ್‌ಗೆ ಏನೂ ಸಿಗುವುದಿಲ್ಲ. ಮನುಷ್ಯನಿಂದ ಮನುಷ್ಯನಿಗೆ ಅದು ಹರಡುವುದಿಲ್ಲ, ನಮ್ಮ ರಕ್ತದಿಂದ ಮತ್ತೆ ಕಾಡಿಗೆ ಹೋಗುವ ದಾರಿಯೂ ಇಲ್ಲದಷ್ಟು ಕಡಿಮೆ. ವಿಜ್ಞಾನಿಗಳ ಭಾಷೆಯಲ್ಲಿ ನಾವು ಕೊನೆಯ ನಿಲ್ದಾಣ. ಅಂದರೆ ನಿಡ್ಲೆಯಲ್ಲಿ ಸತ್ತವರು ಯಾರ ಗುರಿಯೂ ಆಗಿರಲಿಲ್ಲ, ಅವರು ದಾರಿಯಲ್ಲಿದ್ದರು. ಅವರನ್ನು ದಾರಿಗೆ ತಂದದ್ದು ಕೊಡಲಿ. ದಟ್ಟ ಕಾಡು ಕಡಿದಲ್ಲಿ ಬಿಸಿಲು ಬೀಳುತ್ತದೆ, ಪೊದೆ ಬೆಳೆಯುತ್ತದೆ, ಪೊದೆಯಲ್ಲಿ ಇಲಿ ಸೇರುತ್ತದೆ. ಹುಲ್ಲು ಬಂತೆಂದು ದನ ಬರುತ್ತದೆ, ದನದ ಜೊತೆ ಉಣ್ಣೆ ಹೆಚ್ಚುತ್ತದೆ. ಮಂಗಗಳು ಕಾಡಿನ ಅಂಚಿಗೆ ಇಳಿಯುತ್ತವೆ. ಕಡಿಯುವುದಕ್ಕೆ, ಹೊರುವುದಕ್ಕೆ, ಗುಂಡಿ ತೋಡುವುದಕ್ಕೆ ಕೂಲಿಯವರು ಬರುತ್ತಾರೆ. ಸೊಪ್ಪು, ತರಗೆಲೆ, ಕಟ್ಟಿಗೆಗೆ ಹೋಗುವವರು ಮೊದಲೇ ಇದ್ದಾರೆ. ಇಷ್ಟು ಸೇರಿದ ಮೇಲೆ ಡಿಸೆಂಬರ್-ಜನವರಿ ಬಂದರೆ ಸಾಕು, ಅದು ಎಳೆ ಉಣ್ಣೆಗಳ ಕಾಲ.

ಆ ಸ್ಫೋಟದ ಬಗ್ಗೆ ಅಮೆರಿಕದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್ 1987ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅವರು ನಮ್ಮ ಜಿಲ್ಲೆಯಲ್ಲಿ ವರ್ಷಗಟ್ಟಲೆ ಇದ್ದು ಜನರ ಆರೋಗ್ಯದ ಕಲ್ಪನೆಗಳನ್ನು ಅಧ್ಯಯನ ಮಾಡಿದವರು. ಆ ಪ್ರಬಂಧದ ಶೀರ್ಷಿಕೆಯಲ್ಲೇ ಅವರು ಇದನ್ನು ‘ಅಭಿವೃದ್ಧಿಯ ಕಾಯಿಲೆ’ ಎಂದು ಕರೆದಿದ್ದಾರೆ. ಕಾಡು ಕಡಿದದ್ದಕ್ಕೆ ಭೂತಗಳು ಮುನಿದವು ಎಂದು ಜನ ಆಡಿಕೊಂಡದ್ದನ್ನೂ ದಾಖಲಿಸಿದ್ದಾರೆ. ಓದಿದಾಗ ನನಗೆ ನಗು ಬರಲಿಲ್ಲ. ಕಾಡು ಕಡಿದದ್ದಕ್ಕೂ ಕಾಯಿಲೆಗೂ ಸಂಬಂಧವಿದೆ ಎಂಬುದನ್ನು ಹಳ್ಳಿಯ ಜನ ತಮ್ಮ ಭಾಷೆಯಲ್ಲಿ ಹೇಳಿದ್ದರು, ಅಷ್ಟೆ.

ಅದೇ ಊರು, ಎರಡನೆಯ ಸಲ

ಕಥೆ ಅಲ್ಲಿಗೆ ಮುಗಿದಿದ್ದರೆ ಒಂದು ದುರಂತ ಅನ್ನಬಹುದಿತ್ತು. ಗೇರು ಬೆಳೆಯಿತು. ಗೇರಿಗೂ ರಸ ಹೀರುವ ಅತಿಥಿ ಬಂತು. ಟೀ ಸೊಳ್ಳೆ ಎನ್ನುತ್ತಾರೆ, ನಿಜವಾಗಿ ಸೊಳ್ಳೆಯಲ್ಲ, ತಿಗಣೆಯ ದೂರದ ಸಂಬಂಧಿ. ಚಿಗುರು, ಹೂಗೊಂಚಲು, ಎಳೆ ಬೀಜಕ್ಕೆ ಚುಚ್ಚಿ ರಸ ಹೀರುತ್ತದೆ, ಚುಚ್ಚಿದಲ್ಲಿ ಕಪ್ಪಾಗಿ ಒಣಗುತ್ತದೆ. ಕಾಡಿನಲ್ಲಿ ಅಲ್ಲೊಂದು ಇಲ್ಲೊಂದು ಗೇರುಮರ ಇದ್ದಾಗ ಇದೊಂದು ಸಮಸ್ಯೆಯೇ ಆಗಿರುವುದಿಲ್ಲ. ಮರದ ಕೆಂಪಿರುವೆಗಳು ಅದನ್ನು ಹಿಡಿಯುತ್ತವೆ. ಅದರ ಮೊಟ್ಟೆಯೊಳಗೇ ತನ್ನ ಮೊಟ್ಟೆಯಿಡುವ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಜಗಳಿವೆ: ಪರಾವಲಂಬಿಯ ಪರಾವಲಂಬಿ. ಆದರೆ ನೂರಾರು ಹೆಕ್ಟೇರ್ ಒಂದೇ ಮರ ನೆಟ್ಟರೆ, ಕೀಟಕ್ಕೆ ಅದು ಕೊನೆಯಿಲ್ಲದ ಔತಣದ ಎಲೆ.

ಹೆಲಿಕಾಪ್ಟರ್ ಬಂತು. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳ ಮೇಲೆ 1980ರ ದಶಕದಿಂದ 2000ದ ವರೆಗೆ ಎಂಡೋಸಲ್ಫಾನ್ ಆಕಾಶದಿಂದ ಬಿತ್ತು. ಹಾನಿಗೊಳಗಾದ ಊರುಗಳ ಹೆಸರು ಇವತ್ತು ಜಿಲ್ಲೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ: ಕೊಕ್ಕಡ, ಪಟ್ರಮೆ, ನಿಡ್ಲೆ. ಹೌದು, ಪಟ್ರಮೆ ಮತ್ತು ನಿಡ್ಲೆ ಮತ್ತೆ.

ನಮ್ಮ ಕನ್ಯಾನದವರಿಗೆ ಇದು ಗಡಿಯಾಚೆಯಿಂದಲೂ ಗೊತ್ತು. ಇಲ್ಲಿಂದ ರಸ್ತೆ ಸ್ವಲ್ಪ ಮುಂದೆ ಹೋದರೆ ಕಾಸರಗೋಡು ಜಿಲ್ಲೆ. ಮದುವೆ, ಸೂತಕ, ಆಟ, ಅಡಿಕೆ ವ್ಯಾಪಾರಗಳಿಗೆ ಗಡಿ ಇಲ್ಲ. ಅಲ್ಲಿ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ನಾಲ್ಕೂವರೆ ಸಾವಿರ ಹೆಕ್ಟೇರಿಗೂ ಹೆಚ್ಚು ಗೇರುತೋಟದ ಮೇಲೆ 1970ರ ದಶಕದಿಂದ ಇದೇ ವಿಷ ಸಿಂಪಡಿಸಿತು. ಎಣ್ಮಕಜೆಯ ಪಡ್ರೆಯಲ್ಲಿ ಕೃಷಿ ಪತ್ರಕರ್ತ ಶ್ರೀಪಡ್ರೆ ಊರಿನ ಕರುಗಳು ವಿಕಲವಾಗಿ ಹುಟ್ಟುತ್ತಿರುವುದನ್ನು 1979ರಷ್ಟು ಹಿಂದೆಯೇ ಬರೆದರು. ಅಲ್ಲಿನ ವೈದ್ಯ ವೈ.ಎಸ್. ಮೋಹನ್ ಕುಮಾರ್ ರೋಗಿಗಳ ಲೆಕ್ಕ ಇಟ್ಟರು. ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಸುಪ್ರೀಂ ಕೋರ್ಟು ದೇಶದಾದ್ಯಂತ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು, ಡಿವೈಎಫ್‌ಐ ಅರ್ಜಿಯ ಮೇಲೆ. ಮೊದಲ ಎಚ್ಚರಿಕೆಯಿಂದ ಮೂವತ್ತೆರಡು ವರ್ಷ. ಸಂತ್ರಸ್ತರಿಗೆ ತಲಾ ಐದು ಲಕ್ಷ ಕೊಡಿ ಎಂದು ಅದೇ ಕೋರ್ಟು ಕೇರಳಕ್ಕೆ ಹೇಳಿದ್ದು 2017ರ ಜನವರಿಯಲ್ಲಿ.

ಈಗ ಆ ಎರಡು ಪ್ರಶ್ನೆಗಳನ್ನು ಕೇಳಿ. ಗೇರಿನ ಲಾಭ ಯಾರಿಗೆ ಹೋಯಿತು? ಖರ್ಚು ಯಾರ ಮೈಗೆ ಬಿತ್ತು? ಒಂದು ಸಲ ಉಣ್ಣೆಯ ಬಾಯಿಂದ, ಇನ್ನೊಂದು ಸಲ ಹೆಲಿಕಾಪ್ಟರಿನ ನಳಿಕೆಯಿಂದ, ಒಂದೇ ಊರುಗಳು ಬಿಲ್ ಕಟ್ಟಿದವು. ಕೊಕ್ಕಡದ ಕಡೆಯ ತಾಯಂದಿರು, ನಲವತ್ತರ ಹತ್ತಿರದ ಮಗನನ್ನು ಮಗುವಿನಂತೆ ಎತ್ತಿ ಮಲಗಿಸಿ ಕೂಲಿಗೆ ಹೋಗಲಾಗದೆ ಮನೆಯಲ್ಲೇ ಉಳಿದವರು, ತಿಂಗಳ ಮಾಸಾಶನಕ್ಕೆ ಕಾಯುತ್ತಾರೆ. ಅಂಗವೈಕಲ್ಯದ ಶೇಕಡಾವಾರು ಲೆಕ್ಕದ ಮೇಲೆ ಸಿಗುವ ಕೆಲವೇ ಸಾವಿರ ರೂಪಾಯಿ ಅದು. ಆ ಮಾಸಾಶನವೂ ಸರ್ಕಾರಿ ಲೆಕ್ಕಪುಸ್ತಕದಲ್ಲಿ ‘ಸೌಲಭ್ಯ’. ಪಡೆಯುವವರು ‘ಫಲಾನುಭವಿಗಳು’.

ನನಗೆ ಈ ‘ಫಲಾನುಭವಿ’ ಎಂಬ ಪದ ಕೇಳಿದಾಗೆಲ್ಲ ಮೈ ಉರಿಯುತ್ತದೆ. ಇರಲಿ.

ಮಂಗಳೂರಿನ ಮಲೇರಿಯಾ ನೋಡಿ. ರಾಜ್ಯದ ಮಲೇರಿಯಾ ಪ್ರಕರಣಗಳಲ್ಲಿ ದೊಡ್ಡ ಪಾಲು ಬಹಳ ವರ್ಷ ಈ ಒಂದು ನಗರದ್ದಾಗಿತ್ತು. ಕಟ್ಟಡದ ಕೆಲಸಕ್ಕೆ ಬಂದ ಹೊರರಾಜ್ಯದವರು ಕಾಯಿಲೆ ತಂದರು ಅನ್ನುವುದು ಊರಿನ ವಿವರಣೆ. ಸೋಂಕು ಅವರ ರಕ್ತದಲ್ಲಿ ಬಂದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ನಗರದಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೆಫೆನ್ಸಿ ಸೊಳ್ಳೆ ಮೊಟ್ಟೆಯಿಡುವುದು ಸ್ವಚ್ಛ ನೀರಿನಲ್ಲಿ: ಟ್ಯಾಂಕಿಯಲ್ಲಿ, ಹೊಸ ಸ್ಲ್ಯಾಬಿನ ಮೇಲೆ ಕ್ಯೂರಿಂಗಿಗೆ ನಿಲ್ಲಿಸಿದ ನೀರಿನಲ್ಲಿ. ಆ ನೀರು ಬಿಲ್ಡರಿನದ್ದು. ಸೊಳ್ಳೆಪರದೆಯಿಲ್ಲದ ಶೆಡ್ಡಿನಲ್ಲಿ ಅದರ ಪಕ್ಕದಲ್ಲೇ ಮಲಗುವವನು ಒಡಿಶಾದವನೋ ಬಿಹಾರದವನೋ. ಬೈಗುಳ ಅವನಿಗೆ.

ಪರಾವಲಂಬಿ ಎಂದ ಕೂಡಲೇ ನಾಶ ಎಂದುಕೊಳ್ಳುವುದೂ ಅರ್ಧ ಸತ್ಯ. ನಮ್ಮ ಮಾವಿನ ಮರದಲ್ಲಿ ಬಂದಣಿಕೆ ಇದೆ, ಕೆಲವರು ಬದನಿಕೆ ಎನ್ನುತ್ತಾರೆ. ಮರದ ನೀರು ಹೀರುತ್ತದೆ, ಹಸಿರೆಲೆ ಇರುವುದರಿಂದ ಅನ್ನ ತಾನೇ ಬೇಯಿಸಿಕೊಳ್ಳುತ್ತದೆ. ಅದರ ಹಣ್ಣು ತಿಂದು ಬೀಜವನ್ನು ಇನ್ನೊಂದು ಕೊಂಬೆಗೆ ಅಂಟಿಸುವ ಪುಟ್ಟ ಹಕ್ಕಿಗೆ ಬದನಿಕೆ ಹಕ್ಕಿ ಎಂದೇ ಹೆಸರು. ಆಸ್ಟ್ರೇಲಿಯಾದಲ್ಲಿ ಡೇವಿಡ್ ವಾಟ್ಸನ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಕೆಲವು ಕಾಡಿನ ತುಂಡುಗಳಿಂದ ಬಂದಣಿಕೆಯನ್ನು ಪೂರ್ತಿ ತೆಗೆದು ನೋಡಿದರು. ಮೂರು ವರ್ಷದಲ್ಲಿ ಅಲ್ಲಿನ ಹಕ್ಕಿ ಪ್ರಭೇದಗಳು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆಯಾದವು. ಬಂದಣಿಕೆಯ ಉದುರಿದ ಎಲೆ ನೆಲದ ಹುಳಗಳಿಗೆ ಆಹಾರ, ಹುಳ ಹಕ್ಕಿಗಳಿಗೆ ಆಹಾರವಾಗುತ್ತಿತ್ತು. ಹಾಗೆಂದು ನಾಳೆ ನಮ್ಮ ಮಾವಿಗೆ ಜಾಸ್ತಿ ಹಬ್ಬಿದರೆ ಕಡಿಯಲೇಬೇಕು, ಅದು ಬೇರೆ.

ಈಗ ಚಿಕ್ಕಪ್ಪನ ಜಗಲಿಗೆ ವಾಪಸ್ ಬರುವ. ಅವರ ಸಿಟ್ಟಿಗೆ ಕಾರಣವಿಲ್ಲ ಎಂದು ನಾನು ಹೇಳುವುದಿಲ್ಲ. ಕೊಳೆರೋಗ ಬಂದ ವರ್ಷ ಮನೆಯ ಲೆಕ್ಕಾಚಾರವೇ ತಲೆಕೆಳಗಾಗುತ್ತದೆ, ಸೊಸೈಟಿಯ ಸಾಲ ನಿಲ್ಲುವುದಿಲ್ಲ. ಮರ ಹತ್ತುವವರು ಕಡಿಮೆಯಾಗಿದ್ದಾರೆ ಎಂಬುದೂ ನಿಜ. ಆದರೆ ಅದು 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದ ಮೇಲೆ ಆದದ್ದಲ್ಲ. ನನಗೆ ಬುದ್ಧಿ ಬಂದಾಗಿನಿಂದ ಈ ಗೋಳು ಕೇಳುತ್ತಿದ್ದೇನೆ. ಜೂನ್-ಜುಲೈ ಮಳೆಯಲ್ಲಿ, ಪಾಚಿ ಹಿಡಿದ ಅಡಿಕೆಮರ ಹತ್ತಿ, ತುದಿಯಲ್ಲಿ ಮರವನ್ನು ಬಾಗಿಸಿ ಪಕ್ಕದ ಮರಕ್ಕೆ ದಾಟುವವನ ಮಗ ಆ ಕೆಲಸಕ್ಕೆ ಬರಲಿಲ್ಲವೆಂದರೆ ಅದಕ್ಕೆ ಎರಡು ಸಾವಿರ ರೂಪಾಯಿಯ ಸೋಮಾರಿತನ ಬೇಕಾಗಿಲ್ಲ. ಬಿದ್ದವರನ್ನು ನೋಡಿದ್ದರೆ ಸಾಕು.

ಅವಲಂಬನೆಯ ಲೆಕ್ಕವನ್ನು ನಮ್ಮ ಮನೆಯಿಂದಲೇ ಶುರುಮಾಡುವುದಾದರೆ ಹೀಗಾಗುತ್ತದೆ. ಈ ತೋಟ ನಮ್ಮದಾದದ್ದೇ ‘ಡಿಕ್ಲರೇಶನ್‌’ನಲ್ಲಿ. ಅಜ್ಜ ಚಾಲಗೇಣಿ ಒಕ್ಕಲು. 1974ರ ಭೂಸುಧಾರಣೆ ತಿದ್ದುಪಡಿ ಬಂದು, ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯಲ್ಲಿ ಹೆಸರಿಗಾಯಿತು. ಆಗ ಧಣಿಗಳ ಮನೆಯ ಜಗಲಿಯಲ್ಲಿ ನಮ್ಮ ಬಗ್ಗೆ ಯಾವ ಪದ ಬಳಸಿರಬಹುದು ಎಂದು ಊಹಿಸುವುದು ಕಷ್ಟವಲ್ಲ: ಬಿಟ್ಟಿ ಭೂಮಿ ತಿಂದವರು. ಹತ್ತು ಎಚ್‌ಪಿ ವರೆಗಿನ ಪಂಪಿಗೆ ಕರೆಂಟು ಉಚಿತ, ನಮ್ಮದು ಅದರೊಳಗೇ ಬರುತ್ತದೆ. ಹೊರದೇಶದ ಅಡಿಕೆ ಅಗ್ಗದಲ್ಲಿ ಬಂದು ನಮ್ಮ ದರ ಬೀಳಬಾರದೆಂದು ಕೇಂದ್ರ ಸರ್ಕಾರ ಆಮದಿಗೆ ಕನಿಷ್ಠ ಬೆಲೆ ನಿಗದಿ ಮಾಡಿದೆ, 2023ರ ಫೆಬ್ರವರಿಯಲ್ಲಿ ಅದನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿತು. ಇದೆಲ್ಲ ತಪ್ಪು ಎಂದಲ್ಲ. ಬೇಕಾದದ್ದೇ. ನಮಗೆ ಸಿಕ್ಕಿದರೆ ‘ಬೆಂಬಲ’, ಮರ ಹತ್ತುವವನ ಹೆಂಡತಿಗೆ ಸಿಕ್ಕಿದರೆ ‘ಗ್ಯಾರಂಟಿ ಚಟ’ ಎನ್ನುವುದಕ್ಕೆ ಮಾತ್ರ ನನ್ನ ತಕರಾರು.

ಇನ್ನು ನಿಜವಾದ ಪರಾವಲಂಬಿಗಳನ್ನು ಎದುರಿಸುವ ಕೆಲಸದ ಗತಿ ಏನಾಗಿದೆ? ಕೆಎಫ್‌ಡಿಗೆ ದಶಕಗಳಿಂದ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಹೊಸದನ್ನು ಐಸಿಎಂಆರ್ ಮತ್ತು ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿ ಸೇರಿ ತಯಾರಿಸುತ್ತಿವೆ. 1957ರ ಕಾಯಿಲೆ ಇದು. ಬರುವುದು ಕೂಲಿಯವರಿಗೆ, ಸೊಪ್ಪಿಗೆ ಹೋಗುವವರಿಗೆ, ಕಾಡಂಚಿನ ಸಣ್ಣ ರೈತರಿಗೆ, ಆದ್ದರಿಂದ ಯಾರಿಗೂ ಅವಸರವಿಲ್ಲ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳಾದಾಗ ಸ್ವಲ್ಪ ಸದ್ದಾಯಿತು. 2024ರಲ್ಲಿ ಉತ್ತರ ಕನ್ನಡದ ಸಿದ್ದಾಪುರದಲ್ಲಿ ಸಾವುಗಳಾದವು, ಮತ್ತೆ ಸದ್ದು. ಸದ್ಯಕ್ಕೆ ಕಾಡಿಗೆ ಹೋಗುವವರ ಕೈಗೆ ಸಿಗುವುದು ಮೈಗೆ ಹಚ್ಚುವ ಡೆಪಾ ಎಣ್ಣೆಯ ಬಾಟಲಿ. ಅದನ್ನು ಮನೆಮನೆಗೆ ತಲುಪಿಸುವುದು, ಜ್ವರ ಬಂದವರ ಪಟ್ಟಿ ಮಾಡುವುದು, ಮಂಗ ಸತ್ತ ಸುದ್ದಿ ಮೇಲಿನವರಿಗೆ ಮುಟ್ಟಿಸುವುದು ಆಶಾ ಕಾರ್ಯಕರ್ತೆಯರು. 2025ರ ಜನವರಿಯಲ್ಲಿ, ಸರಿಯಾಗಿ ಉಣ್ಣೆಯ ಋತುವಿನಲ್ಲಿ, ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಗೆ ಕೂತಿದ್ದರು. ಕೇಳಿದ್ದು ತಿಂಗಳಿಗೆ 15 ಸಾವಿರ. ಎದ್ದು ಹೋದದ್ದು ಕನಿಷ್ಠ 10 ಸಾವಿರದ ಭರವಸೆಯ ಮೇಲೆ. ಅವರದ್ದು ಇವತ್ತಿಗೂ ಸಂಬಳವಲ್ಲ, ‘ಗೌರವಧನ’.

ಕಾಡು ಕಡಿಯುವ ಯೋಜನೆಗಳೂ ನಿಂತಿಲ್ಲ. ಘಟ್ಟದಲ್ಲಿ ರಸ್ತೆ, ವಿದ್ಯುತ್ ಮಾರ್ಗ, ಪಂಪ್ಡ್ ಸ್ಟೋರೇಜ್. ಪ್ರತಿಯೊಂದರ ಕಡತದಲ್ಲೂ ಎಷ್ಟು ಮರ ಹೋಗುತ್ತದೆ ಎಂಬ ಲೆಕ್ಕ ಇರುತ್ತದೆ. ನಿಡ್ಲೆಯ ನಂತರವಾದರೂ ಅದರ ಪಕ್ಕದಲ್ಲಿ ಇನ್ನೊಂದು ಕಾಲಂ ಇರಬೇಕಿತ್ತು: ಕಡಿದ ಮೇಲೆ ಅಲ್ಲಿ ಕೆಲಸ ಮಾಡುವವರಿಗೆ, ಅಂಚಿನಲ್ಲಿ ದನ ಮೇಯಿಸುವವರಿಗೆ ಯಾವ ಕಾಯಿಲೆ ಬರಬಹುದು, ಅದರ ಖರ್ಚು ಯಾರು ಕೊಡುತ್ತಾರೆ? ನೀವು ನಿಮ್ಮ ತಾಲ್ಲೂಕಿನ ಸಾರ್ವಜನಿಕ ಅಹವಾಲು ಸಭೆಗೆ ಹೋಗುವವರಾದರೆ ಈ ಪ್ರಶ್ನೆ ಕೇಳಿ ನೋಡಿ.

ಆಗಸ್ಟಿನಲ್ಲಿ ಒಂದು ವಾರ ಮಳೆ ಬಿಟ್ಟಿತು, ಮದ್ದು ಬಿಡುವವರು ಬಂದರು. ಇಷ್ಟು ದಿನ ಯಾಕೆ ಬರಲಿಲ್ಲ ಎಂದು ಚಿಕ್ಕಪ್ಪ ಕೇಳಲಿಲ್ಲ, ಕೂಲಿಯಲ್ಲೂ ಚೌಕಾಸಿ ಮಾಡಲಿಲ್ಲ. ಚಾ ಕುಡಿಯುವಾಗ ನಾನೇ ಕೇಳಿದೆ, ಗೃಹಲಕ್ಷ್ಮಿ ಬರ್ತದಾ ಅಂತ. “ಬರ್ತದೆ ಅಕ್ಕ, ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಮೊನ್ನೆ ಕಾಲು ತಿರುಚಿ ಹದಿನೈದು ದಿನ ಮಲಗಿದ್ದೆ ಅಲ್ಲ, ಆಗ ಅದೇ ಇದ್ದದ್ದು.” ಆ ಹದಿನೈದು ದಿನ ಯಾವುದೆಂದು ಲೆಕ್ಕ ಹಾಕಿದೆ. ನಮ್ಮ ಎರಡನೆಯ ಮದ್ದು ತಪ್ಪಿದ ದಿನಗಳೇ.

ಚಿಕ್ಕಪ್ಪ ಅಂಗಳದ ಡ್ರಮ್ಮಿನಲ್ಲಿ ಮೈಲುತುತ್ತು ಮತ್ತು ಸುಣ್ಣ ಕಲಸುತ್ತಿದ್ದರು. ನೂರು ಲೀಟರಿಗೆ ಒಂದೊಂದು ಕಿಲೋ. ಹದ ನೋಡಲು ಕತ್ತಿಯ ಅಲಗು ಅದ್ದಿ ತೆಗೆದರು. ತಾಮ್ರದ ಕೆಂಪು ಹಿಡಿದಿತ್ತು. “ಸುಣ್ಣ ಸಾಲದು,” ಎಂದರು ಮರ ಹತ್ತುವವರು, ಲೋಟ ಕೆಳಗಿಡುತ್ತ. ಚಿಕ್ಕಪ್ಪ ಇನ್ನೊಂದು ಮುಷ್ಟಿ ಹಾಕಿದರು.